ಬಣ್ಣಕ್ಕಿಂತ ಉಜ್ಜುವ ಕೆಲಸ ದೊಡ್ಡದು

ಮಾನ್ಯ ಸಂಪಾದಕರೇ,

ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಕಾರಿಗೆ ಬಣ್ಣ ಹೊಡೆಯಲು ಹೊರಡುವವರು ದುಬಾರಿ ಬಣ್ಣ ತರುತ್ತಾರೆ, ಉಜ್ಜುವುದಕ್ಕೆ ಮಾತ್ರ ಸೋಮಾರಿತನ. ಕೆಲಸ ಕೆಡುವುದೇ ಅಲ್ಲಿ.

ಹಳೆಯ ಪಾಲಿಶ್‌ನ ಸಿಲಿಕೋನ್ ಉಳಿದಿದ್ದರೆ ಹೊಸ ಬಣ್ಣ ಹಿಂದೆ ಸರಿದು ಸಣ್ಣ ಗುಂಡಿಗಳು ಬೀಳುತ್ತವೆ. ಆದ್ದರಿಂದ ಉಜ್ಜುವ ಮೊದಲೇ ಸೋಪುನೀರಿನಲ್ಲಿ ತೊಳೆದು, ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಬೇಕು. ತಡವಾದರೆ ಜಿಡ್ಡು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ತುಕ್ಕನ್ನು ಲೋಹ ಕಾಣುವವರೆಗೆ ಕೆರೆದು ಎಪಾಕ್ಸಿ ಪ್ರೈಮರ್ (ಲೋಹಕ್ಕೆ ಬಿಗಿಯಾಗಿ ಹಿಡಿಯುವ ಅಡಿಬಣ್ಣ) ಹಚ್ಚಿ. ಭದ್ರವಾಗಿರುವ ಹಳೆ ಬಣ್ಣವನ್ನು ಕೀಳಬೇಕಿಲ್ಲ, 320ರ ಉಜ್ಜುಕಾಗದದಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ನಯ) ಹೊಳಪು ಹೋದರೆ ಸಾಕು. ಪ್ರೈಮರ್ ಒಣಗಿದ ಮೇಲೆ ನೀರು ಹಾಕಿ ಉಜ್ಜುವ 600ರ ವಾಟರ್ ಪೇಪರ್, ಲೋಹದ ಮಿನುಗಿರುವ ಮೆಟಾಲಿಕ್ ಬಣ್ಣವಾದರೆ 800. ಒರಟು ಕಾಗದದ ಗೀರುಗಳನ್ನು ಬಣ್ಣ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಸ್ಪ್ರೇ ಡಬ್ಬಿಯನ್ನು 20-25 ಸೆಂ.ಮೀ. ದೂರದಲ್ಲಿ ಹಿಡಿದು, ಹಿಂದಿನ ಪಟ್ಟಿಯ ಅರ್ಧ ಮುಚ್ಚುವಂತೆ ಸಾಗಿಸಿ. ಹತ್ತಿರವಾದರೆ ಬಣ್ಣ ಕೆಳಕ್ಕೆ ಸೋರುತ್ತದೆ. ದೂರವಾದರೆ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ಪದರಗಳ ನಡುವಿನ ಅವಧಿ ಡಬ್ಬಿಯ ಮೇಲೆ ಬರೆದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ.

ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರಗಳಲ್ಲಿ, ಗಟ್ಟಿಯಾಗಿಸುವ ಹಾರ್ಡನರ್ ಬೆರೆಸುವ 2ಕೆ ಕ್ಲಿಯರ್ ಗಟ್ಟಿ, ಪೆಟ್ರೋಲ್ ಚೆಲ್ಲಿದರೂ ಬೇಗ ಕೆಡದು. ಆದರೆ ಆ ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ವಿಷ. ಬಟ್ಟೆಯ ಮಾಸ್ಕ್ ಏನನ್ನೂ ತಡೆಯದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಇಲ್ಲದವರು ಆ ಹಂತವೊಂದನ್ನು ಪೇಂಟಿಂಗ್ ಬೂತ್ ಇರುವವರಿಗೆ ಬಿಡುವುದೇ ಲೇಸು.

ಇನ್ನೂ ಅಗ್ಗದ ದಾರಿ ತೆಳುಮಾಡಿದ ಎನಾಮೆಲ್, ಫೋಮ್ ರೋಲರ್. ಐದಾರು ತೆಳು ಪದರ, ಎರಡೆರಡು ಪದರಕ್ಕೊಮ್ಮೆ ನೀರುಜ್ಜು. ಮೆಟಾಲಿಕ್‌ಗೆ ಇದು ಒಗ್ಗದು.

– ಓದುಗ