ಯುದ್ಧದ ಚರಿತ್ರೆಯಲ್ಲಿ ದಾದಿಯರಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಎರಡನೆಯ ಮಹಾಯುದ್ಧದ ಕುರಿತು ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಸೇನಾನಿಗಳ ಹೆಸರುಗಳೆಲ್ಲ ಇದ್ದು, ಸೇನಾ ದಾದಿಯರ ಪ್ರಸ್ತಾಪವೇ ಇಲ್ಲದಿರುವುದು ಬೇಸರ ತಂದಿತು. 1942ರಲ್ಲಿ ಫಿಲಿಪ್ಪೀನ್ಸ್‌ನ ಬಟಾನ್‌ನಲ್ಲಿ ಮರಗಳ ಕೆಳಗೆ ಬಯಲಲ್ಲೇ ಸಾಲಾಗಿ ಹಾಕಿದ್ದ ಹಾಸಿಗೆಗಳ ನಡುವೆ, ಬಳಿಕ ಕೊರೆಗಿಡಾರ್ ದ್ವೀಪದ ಮಲಿಂಟಾ ಸುರಂಗದೊಳಗಿನ ಆಸ್ಪತ್ರೆಯಲ್ಲಿ, ಬಾಂಬ್ ದಾಳಿಯ ಮಧ್ಯೆಯೂ ಗಾಯಾಳುಗಳ ಆರೈಕೆ ಮಾಡಿದ ಅಮೆರಿಕದ ಸೇನಾ ದಾದಿಯರಲ್ಲಿ 66 ಮಂದಿ ಜಪಾನೀಯರ ಸೆರೆಯಾದರು. ಮನಿಲಾದ ಸ್ಯಾಂಟೊ ತೋಮಸ್ ಶಿಬಿರದಲ್ಲಿ ಹೊಟ್ಟೆಗಿಲ್ಲದೆ ಸೊರಗಿದಾಗಲೂ ಅವರು ಸಹಬಂದಿಗಳ ಶುಶ್ರೂಷೆಯನ್ನು ಕೈಬಿಡಲಿಲ್ಲ. 1945ರ ಫೆಬ್ರುವರಿಯಲ್ಲಿ ಅಷ್ಟೂ ಮಂದಿ ಜೀವಂತವಾಗಿ ಬಿಡುಗಡೆಯಾದದ್ದು ಸಣ್ಣ ಮಾತಲ್ಲ. ಅಮೆರಿಕದ ಸೇನೆ ತನ್ನ ದಾದಿಯರಿಗೆ ಅಧಿಕಾರಿಗಳ ಪೂರ್ಣ ದರ್ಜೆ ನೀಡಿದ್ದು 1944ರಲ್ಲಿ, ಅದೂ ತಾತ್ಕಾಲಿಕವಾಗಿ. ಯುದ್ಧಗಳ ಸ್ಮರಣೆಯ ಸಂದರ್ಭದಲ್ಲಿ ಪತ್ರಿಕೆಯು ಇಂಥ ದಾದಿಯರ ಸೇವೆಯ ಬಗ್ಗೆಯೂ ಲೇಖನಗಳನ್ನು ಪ್ರಕಟಿಸಬೇಕು, ಪಠ್ಯಪುಸ್ತಕಗಳ ಯುದ್ಧದ ಅಧ್ಯಾಯಗಳಲ್ಲಿ ಅವರಿಗೆ ಒಂದು ಪುಟವನ್ನಾದರೂ ಮೀಸಲಿಡಬೇಕು.