ಡ್ಯಾನ್ಯೂಬ್ ಹಡಗಿಗೆ ದುಡ್ಡು ಕಟ್ಟುವ ಮುಂಚೆ

ಪಾಸೌ (ಜರ್ಮನಿ), ಜನವರಿ 18

ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ.

ಡ್ಯಾನ್ಯೂಬ್ ನದಿಯ ಹಡಗು ಪ್ರವಾಸಕ್ಕೆಂದು ನೀವು ಕಳಿಸಿದ ಮೂರೂ ಬ್ರೋಷರ್ ನೋಡಿದೆ. ಮೂರರಲ್ಲೂ ಬಾಲ್ಕನಿ, ವೈನ್ ಗ್ಲಾಸು, ಹಿಂದೆ ಬುಡಾಪೆಸ್ಟಿನ ಪಾರ್ಲಿಮೆಂಟು. ಅದರಿಂದ ಏನೂ ತಿಳಿಯುವುದಿಲ್ಲ. ಇಲ್ಲಿ ಓಡಾಡುವ ಹಡಗುಗಳು ಹೆಚ್ಚುಕಡಿಮೆ ಒಂದೇ ಅಳತೆಯವು. ಮೈನ್ ನದಿಯನ್ನು ಡ್ಯಾನ್ಯೂಬಿಗೆ ಸೇರಿಸುವ ಮೈನ್-ಡ್ಯಾನ್ಯೂಬ್ ಕಾಲುವೆಯಲ್ಲಿ ಹಡಗನ್ನು ನೀರು ತುಂಬಿಸಿ ಮೇಲೆತ್ತುವ ತೊಟ್ಟಿಗಳಿವೆ, ಲಾಕ್ ಅಂತಾರೆ. ಅವುಗಳ ಅಗಲ 12 ಮೀಟರ್. ಹಾಗಾಗಿ ಹಡಗಿನ ಅಗಲ ಸುಮಾರು 11.4 ಮೀಟರಿಗೆ ನಿಂತುಬಿಡುತ್ತದೆ. ಉದ್ದ ಹೆಚ್ಚೆಂದರೆ 135 ಮೀಟರ್. ಕಂಪನಿ ಕಂಪನಿಗೂ ವ್ಯತ್ಯಾಸ ಇರುವುದು ಊಟದಲ್ಲಿ, ಭಾಷೆಯಲ್ಲಿ, ಟಿಕೆಟ್ಟಿನೊಳಗೆ ಏನೇನು ಸೇರಿದೆ ಅನ್ನುವುದರಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ನದಿ ಕೈಕೊಟ್ಟ ದಿನ ಅವರು ಏನು ಮಾಡುತ್ತಾರೆ ಅನ್ನುವುದರಲ್ಲಿ.

ಅಪ್ಪ, ನೀವು ಯೋಚಿಸಿರುವುದು ಸೆಪ್ಟೆಂಬರ್. ನಮ್ಮ ತುಂಗೆ ಆಗ ಮಳೆಗಾಲದ ನೀರು ಹೊತ್ತು ತುಂಬಿರುತ್ತಾಳೆ, ಇಲ್ಲಿ ಉಲ್ಟಾ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಡ್ಯಾನ್ಯೂಬ್ ಇಳಿಯುವ ಕಾಲ. ಪಾಸೌಗಿಂತ ಮೇಲೆ, ಷ್ಟ್ರೌಬಿಂಗ್‌ನಿಂದ ಫಿಲ್ಸ್‌ಹೋಫನ್‌ವರೆಗೆ ಸುಮಾರು 70 ಕಿಲೋಮೀಟರ್ ನದಿಗೆ ಅಡ್ಡ ಕಟ್ಟೆಗಳಿಲ್ಲ. ನೀರು ಹಿಡಿದಿಡುವವರಿಲ್ಲದೆ ಅಲ್ಲಿ ತಳ ಬೇಗ ಕಾಣುತ್ತದೆ. ಹಡಗಿಗೋ ಒಂದೂವರೆ ಮೀಟರಿನಷ್ಟು ಆಳ ಬೇಕೇ ಬೇಕು. ನ್ಯೂರೆಂಬರ್ಗಿನಿಂದ ಹೊರಡುವ ಹಡಗುಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಅದಕ್ಕೇ ಹೇಳುತ್ತೇನೆ, ಪಾಸೌದಿಂದ ಬುಡಾಪೆಸ್ಟಿನ ದಾರಿ ಹಿಡಿಯಿರಿ. ಆಸ್ಟ್ರಿಯಾದ ವಾಹೌ ಕಣಿವೆಯಲ್ಲೂ ವಿಯೆನ್ನಾದ ಆಚೆಗೂ ಅಪಾಯ ಪೂರ್ತಿ ತಪ್ಪದು, ಆದರೂ ಅತಿ ಕಷ್ಟದ ತುಂಡು ತಪ್ಪುತ್ತದೆ. ಕಾಲುವೆಯ ತಗ್ಗು ಸೇತುವೆಗಳಿಗಾಗಿ ಮೇಲಿನ ಡೆಕ್ ಮುಚ್ಚುವ ಕಾಟವೂ ಇರದು.

ಮೇ-ಜೂನ್ ಸುರಕ್ಷಿತವಾ ಅಂತ ಕೇಳಬಹುದು. ಆಗ ಆಲ್ಪ್ಸಿನ ಹಿಮ ಕರಗಿದ ನೀರಿನ ಮೇಲೆ ಮಳೆಯೂ ಬಿದ್ದರೆ ಹಡಗು ಸೇತುವೆಯಡಿ ನುಸುಳಲಾರದು. ಇಲ್ಲಿಯ ಪುರಸಭೆ ಗೋಪುರದ ಗೋಡೆಯಲ್ಲಿ ಪ್ರವಾಹದ ಗೆರೆಗಳಿವೆ. ಜೂನ್ 2013ರ ಗೆರೆ, ಅಂದರೆ ನದಿಯ ಮಾಪಕದಲ್ಲಿ 12.89 ಮೀಟರ್, ತಲೆಯೆತ್ತಿ ನೋಡಬೇಕಾದಷ್ಟು ಎತ್ತರ. ಅದಕ್ಕಿಂತ ಮೇಲಿರುವುದು 1501ರದ್ದೊಂದೇ.

ನೀರು ಕೈಕೊಟ್ಟಾಗ ದೊಡ್ಡ ಕಂಪನಿಗಳು ಹಡಗು ಬದಲಿಸುತ್ತವೆ. ಮೇಲಿಂದ ಬಂದ ಹಡಗಿನವರನ್ನು ಬಸ್ಸಿನಲ್ಲಿ ಕರೆದೊಯ್ದು, ಆಳವಿಲ್ಲದ ಜಾಗದ ಆಚೆ ನಿಂತ ತಮ್ಮದೇ ಇನ್ನೊಂದು ಹಡಗಿಗೆ ಹತ್ತಿಸುತ್ತಾರೆ. ವೈಕಿಂಗ್ ಕಂಪನಿಗೆ 190 ಜನರ ಒಂದೇ ಅಚ್ಚಿನ ಹಡಗುಗಳು ತುಂಬ ಇರುವುದರಿಂದ ಈ ಅದಲುಬದಲು ಅವರಿಗೆ ಸುಲಭ. ಹಡಗು ಕಡಿಮೆ ಇರುವ ಕಂಪನಿ ಬಸ್ಸು, ಹೋಟೆಲಿಗೆ ಇಳಿಯುತ್ತದೆ. ಏಜೆಂಟರನ್ನು ನೇರವಾಗಿ ಕೇಳಿ: ಹಡಗು ನಿಂತರೆ ಇನ್ನೊಂದು ಹಡಗೋ, ಹೋಟೆಲೋ, ಹಣ ವಾಪಸ್ಸೋ? ಉತ್ತರ ಬರವಣಿಗೆಯಲ್ಲಿ ಇರಲಿ. ದಾರಿ ಬದಲಿಸುವ ಹಕ್ಕನ್ನು ಕಂಪನಿಗಳು ಷರತ್ತಿನಲ್ಲೇ ಇಟ್ಟುಕೊಂಡಿರುತ್ತವೆ.

ಇನ್ನು ದುಡ್ಡು. ಯೂನಿವರ್ಲ್ಡ್, ಸೀನಿಕ್ ಹಡಗುಗಳಲ್ಲಿ ಮದ್ಯ, ಟಿಪ್ಸ್ ಎಲ್ಲ ಟಿಕೆಟ್ಟಿನಲ್ಲೇ. ಮದ್ಯ ಮುಟ್ಟದ ನೀವಿಬ್ಬರೂ ಬೇರೆಯವರ ಗ್ಲಾಸಿಗೆ ಯಾಕೆ ದುಡ್ಡು ಕೊಡಬೇಕು? ವೈಕಿಂಗ್, ಅಮಾವಾಟರ್‌ವೇಸ್‌ಗಳಲ್ಲಿ ಊಟದ ಜೊತೆಯ ಬಿಯರ್, ವೈನ್ ಟಿಕೆಟ್ಟಿನಲ್ಲಿ ಸೇರಿದೆ. ಟಿಪ್ಸ್ ಬೇರೆಯಾದರೆ ತಲೆಗೆ ದಿನಕ್ಕೆ 10ರಿಂದ 15 ಯೂರೋ ಹಿಡಿಯಿರಿ. ಇಬ್ಬರಿಗೆ ಏಳು ದಿನಕ್ಕೆ 140ರಿಂದ 210 ಆಗುತ್ತದೆ. ಅದನ್ನು ಕೂಡಿಸಿಯೇ ದರ ಹೋಲಿಸಿ. ಆ-ರೋಸಾದಲ್ಲಿ ಬಫೆ ಊಟ, ನೋಡಿ ಬಡಿಸಿಕೊಳ್ಳಬಹುದು. ಆದರೆ ಹೆಚ್ಚಿನವರು ಜರ್ಮನ್ ಮಾತಾಡುವವರು. ಸ್ಟ್ರಾಸ್‌ಬೂರ್ಗಿನ ಕ್ರುವಾಜಿಯೂರೋಪ್ ಅಗ್ಗವೇ, ಆದರೆ ಎಲ್ಲರಿಗೂ ಒಂದೇ ಮೆನು, ಸಸ್ಯಾಹಾರ ಬೇಕೆಂದರೆ ಮೊದಲೇ ಹೇಳಿರಬೇಕು. ನೀವಿಬ್ಬರೇ ಬರುವುದಾದರೆ ನನ್ನ ಮನಸ್ಸು ವೈಕಿಂಗ್ ಕಡೆ. ಪುಟ್ಟಿಯನ್ನೂ ಕರೆತರುವುದಾದರೆ ಆಗದು, ಅವರು 18 ತುಂಬದವರನ್ನು ಹತ್ತಿಸುವುದಿಲ್ಲ.

ಅಮ್ಮ, ನಿನ್ನ ಮಂಡಿ ನೋವಿಗೆ ನಡುವಿನ ಡೆಕ್ಕಿನ, ಹಡಗಿನ ಮಧ್ಯಭಾಗದ ಕೋಣೆಯೇ ಬೇಕು. ಲಿಫ್ಟ್ ಇದೆ ಅಂದರೂ ಬಹಳ ಹಡಗುಗಳಲ್ಲಿ ಅದು ತೀರಾ ಕೆಳಗಿನ ಡೆಕ್ಕಿಗೂ ಹೋಗಲ್ಲ, ಮೇಲಿನ ಬಯಲು ಡೆಕ್ಕಿಗೂ ಹೋಗಲ್ಲ. ಕೆಳಗಿನ ಕೋಣೆ ಅಗ್ಗ, ಆದರೆ ಕಿಟಕಿ ನೀರಿನ ಮಟ್ಟಕ್ಕೆ ಸ್ವಲ್ಪವೇ ಮೇಲೆ, ತೆರೆಯಲಾಗದು. ಹಿಂಭಾಗದಲ್ಲಿ ಎಂಜಿನ್ ಸದ್ದು. ಇನ್ನೊಂದು ಮಾತು, ದಂಡೆಯಲ್ಲಿ ಜಾಗ ಸಾಲದೆ ಎರಡು-ಮೂರು ಹಡಗು ಪಕ್ಕಪಕ್ಕ ಕಟ್ಟುತ್ತಾರೆ. ಆಗ ಬಾಲ್ಕನಿಯಿಂದ ಕಾಣುವುದು ಪಕ್ಕದ ಹಡಗಿನ ಪರದೆ, ದಡ ಸೇರಲು ಅವರ ಹಡಗನ್ನೇ ದಾಟಬೇಕು, ಕೆಲವೊಮ್ಮೆ ಮೆಟ್ಟಿಲು ಹತ್ತಿಳಿದು. ಬಾಲ್ಕನಿಗೆಂದು ವಿಪರೀತ ಸುರಿಯಬೇಡಿ.

ವೇಳಾಪಟ್ಟಿಯಲ್ಲಿ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ 36 ಕಿಲೋಮೀಟರ್ ವಾಹೌ ಕಣಿವೆ ಹಗಲಲ್ಲೇ ದಾಟುತ್ತದಾ ನೋಡಿ. ದ್ರಾಕ್ಷಿಯ ಮೆಟ್ಟಿಲು ತೋಟಗಳು, ಡ್ಯುರ್ನ್‌ಷ್ಟೈನ್‌ನ ನೀಲಿ ಗೋಪುರ ಎಲ್ಲ ಅಲ್ಲಿಯವೇ. ರಾತ್ರಿ ದಾಟಿದರೆ ಈ ಪ್ರಯಾಣಕ್ಕೆ ಬಂದೂ ಪ್ರಯೋಜನವಿಲ್ಲ.

ವೀಸಾ: ನನ್ನ ಮನೆಯ ದಿನಗಳೂ ಸೇರಿ ಜರ್ಮನಿಯೇ ಹೆಚ್ಚಾಗುವುದರಿಂದ ಬೆಂಗಳೂರಲ್ಲಿ ಜರ್ಮನಿಯ ಷೆಂಗೆನ್ ವೀಸಾಕ್ಕೆ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ ಹಾಕಿ. ಆರು ತಿಂಗಳು ಮುಂಚಿನಿಂದ ತೆಗೆದುಕೊಳ್ಳುತ್ತಾರೆ, ವಿಮೆ ಕನಿಷ್ಠ 30,000 ಯೂರೋದ್ದು. ಹಡಗು ಬೆಲ್‌ಗ್ರೇಡಿಗೆ ಹೋಗುವಂತಿದ್ದರೆ ಸೆರ್ಬಿಯಾ ಷೆಂಗೆನ್ ಹೊರಗೆ, ಮರಳಿ ಬರಲು ಮಲ್ಟಿಪಲ್ ಎಂಟ್ರಿ ಬೇಕು.

ಊಟದ ವಿಷಯಕ್ಕೆ, ಬರೀ ‘ವೆಜಿಟೇರಿಯನ್’ ಅಂತ ಬರೆದರೆ ಮೊಟ್ಟೆ ಬರುತ್ತದೆ. ಮೊಟ್ಟೆ, ಮೀನು, ಮಾಂಸ ಬೇಯಿಸಿದ ನೀರಿನ ಸೂಪು, ಜೆಲಾಟಿನ್ ಹಾಕಿದ ಸಿಹಿ ಬೇಡ ಎಂದು ಒಂದೊಂದಾಗಿ ಬುಕಿಂಗ್‌ನಲ್ಲೇ ಬರೆಸಿ. ತಿಂಗಳು ಮುಂಚೆ ಇನ್ನೊಮ್ಮೆ ನೆನಪಿಸಿ, ಹತ್ತಿದ ಸಂಜೆಯೇ ಊಟದ ಮನೆಯ ಮುಖ್ಯಸ್ಥರಿಗೆ ಹೇಳಿ. ಬೆಳಗಿನ ತಿಂಡಿಯಲ್ಲಿ ಸಪ್ಪೆ ಮೊಸರು ಇಟ್ಟಿರುತ್ತಾರೆ, ಅನ್ನ ಕೇಳಿ ಮಾಡಿಸಿಕೊಳ್ಳಬಹುದು. ಕೋಣೆಯಲ್ಲಿ ಕುಕ್ಕರು, ಕೆಟಲ್ ಬಿಡುವುದಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಧಾರಾಳವಾಗಿ ತನ್ನಿ. ತುಪ್ಪದ ಡಬ್ಬಿಯನ್ನೂ ಪೇಡೆಯನ್ನೂ ಮಾತ್ರ ಕಟ್ಟಬೇಡ ಅಮ್ಮ, ಹಾಲಿನ ಪದಾರ್ಥ ಹೊರಗಿನಿಂದ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಎತ್ತಿಟ್ಟುಕೊಳ್ಳುತ್ತಾರೆ. ತುಪ್ಪ ಇಲ್ಲೇ ಬೆಣ್ಣೆ ಕಾಯಿಸಿ ಇಟ್ಟಿರುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು