ಗೋಧಿ ಬಿಟ್ಟು ಊರು ಸುತ್ತಲು ಹೊರಟವನಿಗೆ

ಗೆಳೆಯಾ,

ಗೋಧಿ ಬಿಟ್ಟಿದ್ದೀಯ, ಹೊಟ್ಟೆ ಹಗುರಾಗಿದೆ, ಸಂತೋಷ. ಇನ್ನು ಕೆಲವು ತಿಂಗಳಲ್ಲಿ ಇಟಲಿ, ಫ್ರಾನ್ಸ್, ಜಪಾನ್ ಅಂತ ಹೊರಟಿದ್ದೀಯ, ಅಲ್ಲೆಲ್ಲ ಏನು ತಿನ್ನಲಿ ಅಂತ ಕೇಳಿದ್ದೀಯ. ಹೇಳುತ್ತೇನೆ. ಆದರೆ ಟೆಸ್ಟ್ ಮಾಡಿಸದೆ ಬಿಟ್ಟೆ ಅಂದೆಯಲ್ಲ, ಅದಕ್ಕೆ ಮೊದಲು ಒಂದಿಷ್ಟು ಬೈಸಿಕೋ.

ಸೀಲಿಯಾಕ್ ಅಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ. ಅದು ಇದೆಯೋ ಇಲ್ಲವೋ ನೋಡುವುದಕ್ಕೆ ರಕ್ತದಲ್ಲಿ ಟಿಟಿಜಿ ಎಂಬ ಆ್ಯಂಟಿಬಾಡಿ ಹುಡುಕುತ್ತಾರೆ. ಬೇಕೆನಿಸಿದರೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡುತ್ತಾರೆ. ಎರಡೂ ಗೋಧಿ ತಿನ್ನುತ್ತಿರುವವರಿಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಬಿಟ್ಟು ಕೆಲವು ತಿಂಗಳಾದರೆ ಆ್ಯಂಟಿಬಾಡಿ ಇಳಿಯುತ್ತದೆ, ಕರುಳು ಮಾಯುತ್ತದೆ, ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಕಾಣದೆ ಹೋಗಬಹುದು. ಟೆಸ್ಟಿಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲುಟನ್ ಇರಬೇಕು ಅನ್ನುತ್ತದೆ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ. ಹಾಗಂತ ಇವತ್ತೇ ಬ್ರೆಡ್ಡಿಗೆ ಕೈ ಹಾಕಬೇಡ. ಗೋಧಿ ತಿಂದಾಗ ತುಟಿ ಊದುವುದು, ಉಸಿರು ಕಟ್ಟುವುದು ಏನಾದರೂ ಆಗಿದ್ದರೆ ಅದು ಬೇರೆಯೇ ಕಥೆ, ಡಾಕ್ಟರ್ ಹೇಳದೆ ಮುಟ್ಟಲೇಬಾರದು.

ಇದೆಲ್ಲ ಯಾಕೆ ಅಂದರೆ, ನೀನು ಯಾಕೆ ಗೋಧಿ ಬಿಟ್ಟಿದ್ದೀಯ ಅನ್ನುವುದರ ಮೇಲೆಯೇ ಉಳಿದ ಎಲ್ಲವೂ ನಿಂತಿದೆ. ನನ್ನಂತೆ ಸೀಲಿಯಾಕ್ ಆದರೆ ಗೋಧಿಯ ಜೊತೆ ಬಾರ್ಲಿ, ರೈ ಕೂಡ ಬಂದ್. ತಟ್ಟೆಯಲ್ಲಿ ಬಿದ್ದ ಬ್ರೆಡ್ಡಿನ ಪುಡಿಯೂ ಲೆಕ್ಕಕ್ಕೆ ಬರುತ್ತದೆ. ಒಂದು ದಿನ ಏನೂ ಅನ್ನಿಸದಿದ್ದರೂ ಒಳಗೆ ಕರುಳಿಗೆ ಪೆಟ್ಟು ಬೀಳುತ್ತಿರುತ್ತದೆ. ಗೋಧಿ ಅಲರ್ಜಿ ಆದರೆ ಸಾಮಾನ್ಯವಾಗಿ ಬಾರ್ಲಿ, ರೈ ನಡೆಯುತ್ತದೆ, ಆದರೆ ಎಡವಟ್ಟಾದರೆ ಕೆಲವೇ ನಿಮಿಷದಲ್ಲಿ ಆಸ್ಪತ್ರೆಗೆ ಓಡಬೇಕಾಗಬಹುದು. ಇವೆರಡೂ ಅಲ್ಲದೆ ಗೋಧಿ ತಿಂದರೆ ಹೊಟ್ಟೆ ಉಬ್ಬರಿಸುವವರೂ ಇದ್ದಾರೆ. ಅವರಲ್ಲಿ ಕೆಲವರಿಗೆ ತೊಂದರೆ ಕೊಡುವುದು ಗ್ಲುಟನ್ನೇ ಅಲ್ಲ, ಗೋಧಿಯಲ್ಲಿರುವ ಫ್ರಕ್ಟಾನ್ ಅನ್ನುವ ಸಕ್ಕರೆ ಜಾತಿಯ ಪದಾರ್ಥ. ಅದು ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ನೀನು ಈ ಗುಂಪಿನವನಾದರೆ ನಾನು ಮುಂದೆ ಬರೆದಿರುವ ಅರ್ಧ ಕಾಟ ನಿನಗೆ ಬೇಡವೇ ಬೇಡ. ಆಪ್ತರ ಮನೆಯಲ್ಲಿ ಒಂದು ತುಂಡು ಕೇಕ್ ತಿಂದರೆ ಆ ಸಂಜೆ ಸ್ವಲ್ಪ ಒದ್ದಾಡುತ್ತೀಯ, ಅಷ್ಟೇ.

ಗೋಧಿಗೂ ಸೀಲಿಯಾಕ್ ಕಾಯಿಲೆಗೂ ನಂಟಿದೆ ಅಂತ ಗೊತ್ತಾಗಿದ್ದೇ ತಡವಾಗಿ. ಅದಕ್ಕೂ ಮೊದಲು ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹಾಕುತ್ತಿದ್ದ ಕಾಲವೂ ಇತ್ತು. ನೆದರ್ಲೆಂಡ್ಸಿನ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕ್ಕೆ ಅವರಿಗೆ ಗೋಧಿಯ ಮೇಲೆ ಮೊದಲಿಂದ ಅನುಮಾನ. 1944-45ರ ಚಳಿಗಾಲದಲ್ಲಿ, ಯುದ್ಧದ ನಡುವೆ, ಅಲ್ಲಿ ಬ್ರೆಡ್ ಸಿಗದಂತಾಯಿತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ವಾಪಸ್ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಅವರು ಅದನ್ನು ಪ್ರಬಂಧವಾಗಿ ಬರೆದದ್ದು 1950ರಲ್ಲಿ. ಈಗ ಜಗತ್ತಿನಲ್ಲಿ ಸುಮಾರು 100 ಜನರಲ್ಲಿ ಒಬ್ಬರಿಗೆ ಸೀಲಿಯಾಕ್ ಇದೆ ಅನ್ನುತ್ತಾರೆ. ಹೆಚ್ಚಿನವರಿಗೆ ತಮಗಿದೆ ಅಂತಲೇ ಗೊತ್ತಿಲ್ಲ.

ಇನ್ನು ಮನೆ. ಅಕ್ಕಿ, ಜೋಳ, ಮೆಕ್ಕೆಜೋಳ, ಸಿರಿಧಾನ್ಯ, ಆಲೂಗಡ್ಡೆ, ಬೇಳೆಕಾಳು, ಮೊಟ್ಟೆ, ಹಾಲು, ಮಾಂಸ, ತರಕಾರಿ, ಹಣ್ಣು, ಯಾವುದರಲ್ಲೂ ಗೋಧಿ ಇಲ್ಲ. ಹಾಗಾಗಿ ಮನೆಯಲ್ಲಿ ಹೊಟ್ಟೆ ತುಂಬಿಸುವುದು ಕಷ್ಟವೇ ಅಲ್ಲ. ಗೋಧಿ ಬೇರೆ ಬೇರೆ ವೇಷದಲ್ಲಿ ಒಳಗೆ ಬರುತ್ತದಲ್ಲ, ಕಷ್ಟ ಅಲ್ಲಿದೆ. ಮೈದಾ, ರವೆ, ಶಾವಿಗೆ, ಪಾಸ್ತಾ ಇವು ಎಲ್ಲರಿಗೂ ಗೊತ್ತು. ಕುಸ್‌ಕುಸ್, ಬುಲ್ಗರ್, ಸ್ಪೆಲ್ಟ್ ಕೂಡ ಗೋಧಿಯೇ. ಸ್ಪೆಲ್ಟನ್ನು 'ಪುರಾತನ ಧಾನ್ಯ' ಅಂತ ಚಂದದ ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ, ಮೋಸ ಹೋಗಬೇಡ. ಸೋಯಾ ಸಾಸ್, ಸೂಪಿನ ಪುಡಿ, ಸಾಸೇಜು, ಅಂಗಡಿಯ ಮಸಾಲೆ ಪುಡಿ, ಇಂಗಿನ ಪುಡಿ, ಇವುಗಳ ಹಿಂಬದಿ ಓದದೆ ಬುಟ್ಟಿಗೆ ಹಾಕಬೇಡ. ಮಾತ್ರೆಗಳಲ್ಲೂ ಅಪರೂಪಕ್ಕೆ ಗೋಧಿ ಪಿಷ್ಟ ಇರುತ್ತದೆ, ಫಾರ್ಮಸಿಯವರನ್ನು ಕೇಳಿ ತಗೋ. ಓಟ್ಸ್ ಗೋಧಿಯಲ್ಲ, ಆದರೆ ಹೊಲದಿಂದ ಗಿರಣಿವರೆಗೆ ಗೋಧಿಯ ಜೊತೆಯೇ ಓಡಾಡಿರುತ್ತದೆ. ಗ್ಲುಟನ್ ಇಲ್ಲ ಅಂತ ಬರೆದದ್ದನ್ನೇ ತರಬೇಕು. ಅದೂ ಕೆಲವರಿಗೆ ಒಗ್ಗುವುದಿಲ್ಲ.

ಸೀಲಿಯಾಕ್ ಇದ್ದರೆ ಅಡುಗೆಮನೆಯನ್ನೂ ಸ್ವಲ್ಪ ಬದಲಾಯಿಸಬೇಕು. ಬ್ರೆಡ್ ಟೋಸ್ಟರನ್ನು ಒಮ್ಮೆ ತಲೆಕೆಳಗೆ ಮಾಡಿ ಕುಟ್ಟಿ ನೋಡು. ಉದುರುವ ಪುಡಿ ನೋಡಿದರೆ ಯಾಕೆ ಬೇರೆ ಟೋಸ್ಟರ್ ಬೇಕು ಅಂತ ನಾನು ಹೇಳಬೇಕಾಗಿಲ್ಲ. ಜರಡಿ ಬೇರೆ, ಮರದ ಸೌಟು ಬೇರೆ, ಪಾಸ್ತಾ ಬಸಿಯುವ ತೂತಿನ ಪಾತ್ರೆ ಬೇರೆ. ಬೆಣ್ಣೆ, ಜಾಮ್ ಡಬ್ಬಿಗೆ ಬ್ರೆಡ್ಡಿಗೆ ಸವರಿದ ಚಾಕು ಮತ್ತೆ ಅದ್ದಿದರೆ ಡಬ್ಬಿಯೇ ಹೋಯಿತು. ಸ್ಟೀಲ್ ಪಾತ್ರೆಯನ್ನು ಚೆನ್ನಾಗಿ ತೊಳೆದರೆ ಸಾಕು, ಹೊಸ ಸೆಟ್ ಕೊಂಡು ದುಡ್ಡು ಸುರಿಯಬೇಡ. ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದ ಜೋಳದ ಹಿಟ್ಟನ್ನೂ ನಂಬಬೇಡ.

ಬ್ರೆಡ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ನೀನು ಕೇಳುವುದು ಅದನ್ನೇ ಅಂತ ಗೊತ್ತು. ಗೋಧಿ ಹಿಟ್ಟು ನಾದಿದಾಗ ಎಳೆ ಬರುತ್ತದಲ್ಲ, ಅದು ಗ್ಲುಟನ್ನಿನ ಕೆಲಸ. ಹುದುಗಿನ ಗಾಳಿಯನ್ನು ಹಿಡಿದಿಡುವುದೂ ಅದೇ. ಅಕ್ಕಿ, ಜೋಳದ ಹಿಟ್ಟಿಗೆ ಆ ಶಕ್ತಿ ಇಲ್ಲ. ಅದಕ್ಕೆ ನಾನು ಇಸಬ್‌ಗೋಲು ಹೊಟ್ಟು ಹಾಕುತ್ತೇನೆ. ಹೌದು ಮಾರಾಯ, ಹೊಟ್ಟೆ ಕಟ್ಟಿದವರು ಕುಡಿಯುವ ಅದೇ ಇಸಬ್‌ಗೋಲು. ಅರ್ಧ ಕಿಲೋ ಹಿಟ್ಟಿಗೆ 20-25 ಗ್ರಾಂ. ಮೊದಲು ನೀರಿಗೆ ಹಾಕಿ ಕಲಕು. ಒಂದೆರಡು ನಿಮಿಷ ಏನೂ ಆಗುವುದಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ಚಮಚ ನಿಲ್ಲುವಷ್ಟು ಗಟ್ಟಿ ಲೋಳೆ ಆಗುತ್ತದೆ. ಅದಕ್ಕೆ ಅಕ್ಕಿ ಹಿಟ್ಟು, ಜೋಳದ ಹಿಟ್ಟು, ಸ್ವಲ್ಪ ಆಲೂಗಡ್ಡೆ ಪಿಷ್ಟ, ಯೀಸ್ಟ್, ಉಪ್ಪು. ಕಲಸಿದ್ದು ಕೈಗೆ ಮೆತ್ತಿಕೊಳ್ಳುತ್ತದೆ, ನೀರು ಜಾಸ್ತಿ ಆಯಿತೇನೋ ಅಂತ ಭಯ ಆಗುತ್ತದೆ. ಹಿಟ್ಟು ಸುರಿದು ಸರಿಮಾಡಲು ಹೋಗಬೇಡ, ಅದು ಹಾಗೇ ಇರಬೇಕು. ಜಾಸ್ತಿ ನಾದುವ ಕೆಲಸವೂ ಇಲ್ಲ. ಬೇಯಿಸಿದ ಮೇಲೆ ಪೂರ್ತಿ ಆರುವವರೆಗೆ ಕುಯ್ಯಬಾರದು, ಬಿಸಿ ಇರುವಾಗ ಚಾಕು ಹಾಕಿದರೆ ಒಳಗೆ ಅಂಟಂಟು. ಮಾರನೇ ದಿನಕ್ಕೆ ಒಣಗುತ್ತದೆ, ಅದಕ್ಕೇ ಹೋಳು ಮಾಡಿ ಫ್ರೀಜರಿನಲ್ಲಿಟ್ಟು ಬೇಕಾದಾಗ ಟೋಸ್ಟ್ ಮಾಡಿಕೊಳ್ಳುವುದು. ಗೋಧಿ ಬ್ರೆಡ್ಡಿನಂತೆ ಇರುತ್ತದಾ? ಇಲ್ಲ. ಬೇರೆ ತಿಂಡಿ ಅಂದುಕೊಂಡು ತಿಂದರೆ ಚೆನ್ನಾಗಿದೆ. ಅಂಗಡಿಯ ಗ್ಲುಟನ್-ಫ್ರೀ ಬಿಸ್ಕತ್ತು, ಕೇಕುಗಳ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ತುಂಬಾ ಸಲ ನಾರು ಕಡಿಮೆ, ಸಕ್ಕರೆ ಜಾಸ್ತಿ, ಬೆಲೆ ಇನ್ನೂ ಜಾಸ್ತಿ.

ಲೇಬಲ್ ವಿಷಯ ಒಂದನ್ನು ಗಟ್ಟಿ ಮಾಡಿಕೋ. ಬಹಳಷ್ಟು ದೇಶಗಳಲ್ಲಿ ಗ್ಲುಟನ್-ಫ್ರೀ ಅಂದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು ಅಂತ. ಐರೋಪ್ಯ ಒಕ್ಕೂಟ, ಅಮೆರಿಕ ಎರಡೂ ಕಡೆ ಇದೇ ಮಿತಿ. ಆಸ್ಟ್ರೇಲಿಯಾ ಇನ್ನೂ ಬಿಗಿ, ಅಲ್ಲಿ ಪರೀಕ್ಷೆಗೆ ಸಿಗುವಷ್ಟೂ ಇರಬಾರದು, ಓಟ್ಸ್ ಕೂಡ ಇರುವಂತಿಲ್ಲ. ಆದರೆ ಯುರೋಪಿನಲ್ಲಿ ಗ್ಲುಟನ್ ತೆಗೆದ ಗೋಧಿ ಪಿಷ್ಟ ಹಾಕಿ ಮಾಡಿದ ಬ್ರೆಡ್ಡಿಗೂ ಗ್ಲುಟನ್-ಫ್ರೀ ಅನ್ನಬಹುದು. ನಾನು ಅದನ್ನು ತಿನ್ನಬಹುದು, ಗೋಧಿ ಅಲರ್ಜಿ ಇರುವವರು ತಿನ್ನಬಾರದು. ಅಮೆರಿಕದಲ್ಲಿ ಉಲ್ಟಾ ತೊಂದರೆ: ಅಲರ್ಜಿ ಕಾನೂನಿನ ಪ್ರಕಾರ ಗೋಧಿಯ ಹೆಸರು ಬರೆಯಲೇಬೇಕು, ಬಾರ್ಲಿಯದ್ದು ಆ ಪಟ್ಟಿಯಲ್ಲಿಲ್ಲ. 'ಗೋಧಿ ಇಲ್ಲ' ಅಂತ ನೋಡಿ ನಾನು ತಿಂದರೆ ಬಾರ್ಲಿ ಮಾಲ್ಟ್ ಹೊಟ್ಟೆ ಸೇರುತ್ತದೆ. ನೋಡು, ಮತ್ತೆ ಯಾಕೆ ಬಿಟ್ಟೆ ಅನ್ನುವಲ್ಲಿಗೇ ಬಂತು.

ವಿಮಾನಕ್ಕೆ ಟಿಕೆಟ್ ಮಾಡುವಾಗಲೇ ಗ್ಲುಟನ್-ಫ್ರೀ ಊಟ ಹೇಳಿಬಿಡು. ಜಿಎಫ್ಎಂಎಲ್ ಅಂತ ಅದರ ಕೋಡ್. ಸಾಮಾನ್ಯವಾಗಿ ಒಂದೆರಡು ದಿನ ಮುಂಚೆ ತಿಳಿಸಬೇಕು. ತಿಳಿಸಿದ ಮೇಲೂ ಬರದೇ ಇರಬಹುದು, ವಿಮಾನ ಬದಲಾದರೆ ವಿನಂತಿ ಅಲ್ಲೇ ಕಳೆದುಹೋಗುತ್ತದೆ. ಬ್ಯಾಗಿನಲ್ಲಿ ಒಂದು ಹೊತ್ತಿಗಾಗುವಷ್ಟು ಒಣ ತಿಂಡಿ ಇರಲಿ.

ಇಟಲಿ ನೆನೆಸಿಕೊಂಡು ಭಯಪಡುತ್ತಿದ್ದೀಯ, ಅಲ್ವಾ? ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ಸುಲಭದ ದೇಶ. ಅಲ್ಲಿ 2005ರಲ್ಲೇ ಸೀಲಿಯಾಕ್ ಬಗ್ಗೆ ಕಾನೂನು ಬಂದಿದೆ, ರೋಗಿಗಳಿಗೆ ಗ್ಲುಟನ್ ಇಲ್ಲದ ಆಹಾರ ಕೊಳ್ಳಲು ಸರ್ಕಾರವೇ ತಿಂಗಳಿಗಿಷ್ಟು ಅಂತ ಕೊಡುತ್ತದೆ. 2023ರಲ್ಲಿ ಮಕ್ಕಳನ್ನೆಲ್ಲ ಇದಕ್ಕಾಗಿ ತಪಾಸಣೆ ಮಾಡುವ ಕಾನೂನೂ ಆಯಿತು. ಔಷಧಿ ಅಂಗಡಿಯಲ್ಲೇ ಪಾಸ್ತಾ ಸಿಗುತ್ತದೆ. ಅಲ್ಲಿನ ಸೀಲಿಯಾಕ್ ಸಂಘ ತರಬೇತಿ ಪಡೆದ ಹೋಟೆಲುಗಳ ಪಟ್ಟಿ ಇಟ್ಟಿದೆ, ಮೊದಲು ಅದನ್ನು ನೋಡು. 'ಸೆಂಜಾ ಗ್ಲೂಟಿನೆ' (ಗ್ಲುಟನ್ ಇಲ್ಲದ್ದು) ಅಂದರೆ ಮಾಣಿಗೆ ಅರ್ಥವಾಗುತ್ತದೆ. ಆದರೆ ಅಲ್ಲಿಗೆ ನಿಲ್ಲಿಸಬೇಡ. ಪಾಸ್ತಾ ಬೇಯಿಸುವ ನೀರು ಬೇರೆಯಾ ಅಂತ ಕೇಳು. ಪಿಜ್ಜಾ ಅಂಗಡಿಯಾದರೆ ಹಿಟ್ಟು ಹರಡುವ ಜಾಗ, ಒಲೆ ಎರಡನ್ನೂ ಕೇಳು, ಮೈದಾ ಗಾಳಿಯಲ್ಲಿ ಹಾರಿ ಎಲ್ಲ ಕಡೆ ಕೂರುತ್ತದೆ. 'ಇದರಲ್ಲಿ ಗೋಧಿ ಇದೆಯಾ' ಅಂತ ಕೇಳಿದರೆ ಬರುವ ಉತ್ತರಕ್ಕಿಂತ 'ಇದನ್ನು ಯಾವ ಪಾತ್ರೆಯಲ್ಲಿ ಮಾಡುತ್ತೀರಿ' ಅಂತ ಕೇಳಿದರೆ ಬರುವ ಉತ್ತರ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಕೇಳಿದ ಕೂಡಲೇ ಅಡುಗೆಮನೆ ಕಡೆ ಹೋಗಿ ವಿಚಾರಿಸಿ ಬರುವವನನ್ನು ನಂಬು. ನಿಂತಲ್ಲೇ 'ಹೂಂ, ಪರವಾಗಿಲ್ಲ' ಅನ್ನುವವನ ಹತ್ತಿರ ಹಣ್ಣು ತಗೊಂಡು ಎದ್ದು ಬಾ.

ಫ್ರಾನ್ಸಿನ ಬ್ರಿಟನಿಯಲ್ಲಿ ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನಿಂದ ಗ್ಯಾಲೆಟ್ ಅನ್ನುವ ದೋಸೆ ಮಾಡುತ್ತಾರೆ. ಕಾಗದದಂತೆ ತೆಳು, ಅಂಚು ಗರಿಗರಿ, ಒಳಗೆ ಮೊಟ್ಟೆ, ಚೀಸ್. ಬಕ್‌ವೀಟಿಗೂ ಗೋಧಿಗೂ ಸಂಬಂಧ ಇಲ್ಲ. ಆದರೂ ನಾನು ಕೌಂಟರಿನ ಹತ್ತಿರ ನಿಂತು ನೋಡಿದೆ. ಅಡುಗೆಯಾಕೆ ಗೋಧಿಯ ಸಿಹಿ ಕ್ರೇಪ್ ಹುಯ್ದು, ಮರದ ಕೋಲಿನಿಂದ ತಿರುಗಿಸಿ ಹರಡಿ, ತೆಗೆದಳು. ಕೋಲನ್ನು ಪಕ್ಕದ ನೀರಿನ ಡಬ್ಬಿಗೆ ಅದ್ದಿದಳು. ಅದೇ ಕೋಲು, ಅದೇ ಕಾವಲಿ, ಮುಂದಿನದು ಗ್ಯಾಲೆಟ್. ನಾನು ಮೊಟ್ಟೆ, ಸಲಾಡ್ ತಿಂದು ಬಂದೆ. ಕೆಲವು ಕಡೆ ಬಕ್‌ವೀಟ್ ಹಿಟ್ಟಿಗೇ ಸ್ವಲ್ಪ ಗೋಧಿ ಬೆರೆಸುತ್ತಾರೆ, ಅದನ್ನೂ ಕೇಳಬೇಕು. ಒಂದು ಅನುಕೂಲ ಅಂದರೆ, ಐರೋಪ್ಯ ಒಕ್ಕೂಟದಲ್ಲಿ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಹೋಟೆಲಿನವರೂ ಕೊಡಬೇಕು. ಗ್ಲುಟನ್ ಇರುವ ಧಾನ್ಯ ಅದರಲ್ಲಿ ಸೇರಿದೆ. ಪ್ಯಾಕೆಟ್ಟಿನ ಪಟ್ಟಿಯಲ್ಲಂತೂ ಎದ್ದು ಕಾಣುವ ಅಕ್ಷರದಲ್ಲಿರಬೇಕು.

ಜಪಾನಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡು. ಅಕ್ಕಿಯ ದೇಶ, ಏನು ಮಹಾ ಅನ್ನಿಸುತ್ತದೆ. ಆದರೆ ಅಲ್ಲಿ ಹೆಚ್ಚಿನ ಸೋಯಾ ಸಾಸನ್ನು ಗೋಧಿ ಸೇರಿಸಿಯೇ ಹುದುಗಿಸುತ್ತಾರೆ, ಅದು ಸಾರಿನಿಂದ ಹಿಡಿದು ಮೀನಿನ ಮೇಲೆ ಸವರುವ ಸಾಸಿನವರೆಗೆ ಎಲ್ಲದರಲ್ಲೂ ಇರುತ್ತದೆ. ಸೋಬಾ ನೂಡಲ್ಸ್ ಬಕ್‌ವೀಟಿನದೇ ಆದರೂ ಐದರಲ್ಲಿ ಒಂದು ಪಾಲು ಗೋಧಿ ಇರುವುದು ಮಾಮೂಲು. ಪೂರ್ತಿ ಬಕ್‌ವೀಟಿನದು ಬೇಕಾದರೆ 'ಜೂವಾರಿ' ಅಂತ ಕೇಳು, ಅದನ್ನೂ ಅದ್ದಿಕೊಳ್ಳಲು ಕೊಡುವುದು ಸೋಯಾ ಸಾಸಿನ ರಸವೇ. ಊಟದ ಜೊತೆ ಕೊಡುವ ತಣ್ಣನೆಯ ಕಂದು ಚಹಾ ಹುರಿದ ಬಾರ್ಲಿಯದ್ದಾಗಿರಬಹುದು. ಪ್ಯಾಕೆಟ್ ಆಹಾರದಲ್ಲಿ ಗೋಧಿ ಇದ್ದರೆ ಬರೆಯಲೇಬೇಕು ಅಂತ ಅಲ್ಲಿ ಕಾನೂನಿದೆ, ಹೋಟೆಲಿಗೆ ಆ ಕಟ್ಟು ಇಲ್ಲ. ಹಾಗಾಗಿ ನಾನು ಅಂಗಡಿಯಲ್ಲಿ ಕೊಂಡು ತಿಂದದ್ದೇ ಜಾಸ್ತಿ. ಗೋಧಿಯನ್ನು ಎರಡು ಅಕ್ಷರದಲ್ಲಿ ಬರೆಯುತ್ತಾರೆ, ಅದರ ಚಿತ್ರ ಫೋನಿನಲ್ಲಿಟ್ಟುಕೋ. ಎರಡನೆಯ ಅಕ್ಷರ ಬಾರ್ಲಿಯ ಹೆಸರಲ್ಲೂ ಬರುತ್ತದೆ. ಉಳಿದುಕೊಳ್ಳುವ ಕಡೆ ಸಣ್ಣ ಒಲೆಯಾದರೂ ಇರುವ ರೂಮು ಹಿಡಿ. ಗೋಧಿ ಇಲ್ಲದ ತಮಾರಿ ಎಂಬ ಸೋಯಾ ಸಾಸ್ ಒಂದು ಪುಟ್ಟ ಬಾಟಲಿ ಒಯ್ಯಿ, ಅನ್ನ, ಮೀನು, ಮೊಟ್ಟೆ ಇದ್ದರೆ ಊಟ ಆಯಿತು.

ನಾನು ಹೋಟೆಲುಗಳಲ್ಲಿ ತೋರಿಸುತ್ತಿದ್ದ ಚೀಟಿಗಳು ಮೂರೂ ಭಾಷೆಯಲ್ಲಿ ಇವೆ, ಫೋಟೊ ಕಳಿಸುತ್ತೇನೆ. ಜಪಾನಿಯದರಲ್ಲಿ ಸೋಯಾ ಸಾಸ್ ಬೇಡ ಅನ್ನುವುದನ್ನು ಬೇರೆ ಸಾಲಾಗಿಯೇ ಬರೆಸಿದ್ದೇನೆ, ಯಾಕಂದರೆ ಅದರಲ್ಲಿ ಗೋಧಿ ಇದೆ ಅಂತ ಬಡಿಸುವವರಿಗೂ ಹೊಳೆಯುವುದಿಲ್ಲ. ಬಾರ್ಲಿ, ರೈ ಸಾಲು ನನಗೆ ಬೇಕಾದದ್ದು, ನಿನಗೆ ಅಲರ್ಜಿ ಅಂತಾದರೆ ಅದನ್ನು ತೆಗೆಸಿ 'ಗೋಧಿ ಪಿಷ್ಟವೂ ಬೇಡ' ಅಂತ ಸೇರಿಸಿಕೋ. ಭಾಷೆ ಬಲ್ಲವರೊಬ್ಬರಿಗೆ ಓದಿಸಿಯೇ ಪ್ರಿಂಟ್ ತೆಗೆಸು, ಫೋನಿನ ಅನುವಾದವನ್ನು ನೆಚ್ಚಿಕೊಂಡು ಹೋಗಬೇಡ.

ನಿನ್ನ ಗೆಳೆಯ